ರೂಪಾಯಿ ಬಿತ್ತು, ಬಿಲ್ಡಿಂಗು ನಡುಗಿತು

ರೂಪಾಯಿಯ ಬೆಲೆ ಇಳಿಸಿದ್ದಾರೆಂಬ ಸುದ್ದಿ ಚೆಂಬೂರಿನ ನಿರ್ಭಯ ಸೊಸೈಟಿಗೆ ತಲುಪಿದಾಗ ಮಳೆ ಜೋರಾಗಿ ಹೊಡೆಯುತ್ತಿತ್ತು. ತೊಂಬತ್ತೊಂದನೇ ಇಸವಿಯ ಜುಲೈ ತಿಂಗಳು. ಕುರ್ಲಾದಲ್ಲಿ ಹಳಿಯ ಮೇಲೆ ನೀರು ನಿಂತು ಲೋಕಲ್ ಗಾಡಿಗಳು ಹೊರಟಿರಲಿಲ್ಲ. ಹಾಗಾಗಿ ಬಿಲ್ಡಿಂಗಿನ ಗಂಡಸರೆಲ್ಲ ಕೆಲಸಕ್ಕೆ ಹೋಗಲಾಗದೆ, ಮನೆಯೊಳಗೂ ಕೂರಲಾಗದೆ ಮೆಟ್ಟಿಲ ಕೆಳಗೆ ಬಂದು ನಿಂತಿದ್ದರು. ಅಂದು ಗಾಡಿ ಓಡಿದ್ದರೆ ಮುಂದಿನದ್ಯಾವುದೂ ನಡೆಯುತ್ತಿರಲಿಲ್ಲ.

ಎರಡನೇ ಮಹಡಿಯ ಸತ್ಯಮೂರ್ತಿಯವರಿಗೆ ಆ ಬಿಲ್ಡಿಂಗಿನಲ್ಲಿ ವಿಶೇಷ ಮರ್ಯಾದೆ ಇತ್ತು. ಅವರು ತುಮಕೂರಿನ ಕಡೆಯವರು, ಬಣ್ಣದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ. ಹಿಂದಿನ ವರ್ಷ ಕೊಲ್ಲಿಯಲ್ಲಿ ಗಲಾಟೆ ಶುರುವಾದಾಗ ಪೆಟ್ರೋಲು ಏರುತ್ತದೆ ಎಂದಿದ್ದರು. ಏರಿತು. ಪೆಟ್ರೋಲು ಏರದ ವರ್ಷ ಯಾವುದೆಂದು ಯಾರೂ ಕೇಳಲಿಲ್ಲ. ಅಂದಿನಿಂದ ಬಜೆಟ್ಟು, ಬೋನಸ್ಸು, ಗ್ಯಾಸ್ ಸಿಲಿಂಡರು, ಯಾವ ವಿಷಯ ಬಂದರೂ ಅವರ ಅಭಿಪ್ರಾಯ ಕೇಳುವುದು ರೂಢಿಯಾಯಿತು. ಅವರೂ ಕೊಡುತ್ತಿದ್ದರು.

ಅಂದು ಪ್ರಶ್ನೆ ಎತ್ತಿದವರು ಸೊಸೈಟಿಯ ಸೆಕ್ರೆಟರಿ ಸಾಯಬಣ್ಣನವರು. ಕಲಬುರ್ಗಿ ಕಡೆಯವರು, ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ನಿರ್ಭಯ ಸೊಸೈಟಿಯಲ್ಲಿ ಎಲ್ಲರೂ ಮನೆ ಕೊಂಡದ್ದು ಸಾಲದ ಮೇಲೆ, ಅದೂ ಒಂದೇ ಕಂಪನಿಯಿಂದ. ಬಿಲ್ಡರು ಮನೆ ತೋರಿಸುವಾಗಲೇ ಸಾಲದ ಕಾಗದವನ್ನೂ ಕೈಯಲ್ಲಿ ಹಿಡಿದಿದ್ದ.

"ಮೂರ್ತಿಯವರ, ರೂಪಾಯಿ ಬಿದ್ದದ್ದು ಅತ್ಲಾಗಿರ್ಲಿ," ಎಂದರು ಸಾಯಬಣ್ಣ. "ನಮ್ಮ ಮನಿ ಸಾಲದ ಬಡ್ಡಿ ಏನಾಗ್ತದ?"

ಎಲ್ಲರೂ ಸತ್ಯಮೂರ್ತಿಯವರತ್ತ ತಿರುಗಿದರು. ರೂಪಾಯಿಗೂ ಬಡ್ಡಿಗೂ ಏನು ಸಂಬಂಧವೆಂಬುದು ಅವರಿಗೆ ತಿಳಿಯದು. ಆದರೆ ಅಷ್ಟು ಜನ ಮಾತು ನಿಲ್ಲಿಸಿ ಕಾಯುತ್ತಿರುವಾಗ ಸುಮ್ಮನಿರುವುದು ಹೇಗೆ? ಅವರು ಮಳೆಯನ್ನು ಸ್ವಲ್ಪ ಹೊತ್ತು ನೋಡಿ, ಬಲಗೈಯನ್ನು ಸೊಂಟದ ಮಟ್ಟದಿಂದ ಮೆಲ್ಲಗೆ ಹೆಗಲಿನವರೆಗೆ ಎತ್ತಿ, "ಏರತ್ತೆ" ಎಂದರು.

ನೆಲಮಹಡಿಯ ಕಾಂತಪ್ಪನವರು ಎಷ್ಟು ಎಂದು ಕೇಳಿದರು. ಉಡುಪಿ ಕಡೆಯ ಅವರಿಗೆ ಮಾಟುಂಗದಲ್ಲಿ ಹೋಟೆಲು, ಲೆಕ್ಕ ಬೇಕು.

"ಅದನ್ನ ಈಗ ಹೇಳೋ ಹಾಗಿಲ್ಲ," ಎಂದರು ಸತ್ಯಮೂರ್ತಿ.

ಗೊತ್ತಿಲ್ಲದ್ದರಿಂದ ಹೇಳುವ ಹಾಗಿರಲಿಲ್ಲ. ಕೇಳಿದವರು ಮಾತ್ರ, ಗೊತ್ತಿದ್ದೂ ಬಾಯಿಬಿಡಬಾರದೆಂದು ಮೇಲಿನವರ ಅಪ್ಪಣೆಯಾಗಿದೆ ಎಂದುಕೊಂಡರು. ಸುದ್ದಿ ಮೆಟ್ಟಿಲು ಹತ್ತಿತು. ಮೊದಲ ಮಹಡಿಯಲ್ಲಿ ಕೈ ಹೆಗಲವರೆಗೇ ಇತ್ತು. ಮೂರನೇ ಮಹಡಿಗೆ ಹೋಗುವಷ್ಟರಲ್ಲಿ ತಲೆಯ ಮೇಲಕ್ಕೆ ಹೋಗಿತ್ತು. ನಾಲ್ಕನೆಯದರಲ್ಲಿ ಒಬ್ಬರು ಸ್ಟೂಲಿನ ಮೇಲೆ ನಿಂತು ತೋರಿಸಿದರಂತೆ.

ಎರಡು ದಿನ ಬಿಟ್ಟು ಗಾಡಿ ಓಡತೊಡಗಿದಾಗ ಸತ್ಯಮೂರ್ತಿಯವರು ಮಾಟುಂಗಕ್ಕೆ ಕಾಫಿಪುಡಿ ತರಲು ಹೋದರು. ಹಾಗೆಯೇ ಕಾಂತಪ್ಪನವರ ಹೋಟೆಲಿಗೂ ಹೊಕ್ಕರು. ಗಲ್ಲಾದ ಹಿಂದೆ ಕೂತಿದ್ದ ಕಾಂತಪ್ಪನವರು ಅವರನ್ನು ಕಂಡದ್ದೇ ಹತ್ತಿರ ಕರೆದು ತಗ್ಗಿದ ದನಿಯಲ್ಲಿ ವಿಷಯ ತಿಳಿಸಿದರು. ಬೆಳಿಗ್ಗೆ ಇಡ್ಲಿ ತಿನ್ನಲು ಬಂದ ಗಿರಾಕಿಯೊಬ್ಬರು ಹೇಳಿದ್ದಂತೆ: ಮುಂದಿನ ತಿಂಗಳಿಂದ ಮನೆಸಾಲದ ಬಡ್ಡಿ ಎರಡು ಪಟ್ಟು, ಕಟ್ಟಲಾಗದವರ ಮನೆಗೆ ಕಂಪನಿ ಬೀಗ ಜಡಿಯುತ್ತದೆ. ಚೆಂಬೂರಿನಲ್ಲಿ ಯಾರೋ ದೊಡ್ಡ ಮನುಷ್ಯರು, ದಿಲ್ಲಿಯವರೆಗೆ ಗುರುತಿದ್ದವರು, ಬಾಯಿಬಿಟ್ಟು ಹೇಳದೆ ಬರೀ ಕೈ ಎತ್ತಿ ತೋರಿಸಿದ್ದಾರಂತೆ.

"ನೀವು ಹೇಳಿದ್ದು ಸರಿಯೇ ಉಂಟು ಮಾರಾಯ್ರೆ," ಎಂದರು ಕಾಂತಪ್ಪ. "ಈಗ ದೊಡ್ಡವರೂ ಅದನ್ನೇ ಹೇಳ್ತಾರೆ."

ಸತ್ಯಮೂರ್ತಿಯವರು ಅರ್ಧ ಕುಡಿದ ಕಾಫಿಯನ್ನು ಬಿಟ್ಟು ಎದ್ದರು. ಬಾಯಿಗೆ ಬಂದದ್ದನ್ನು ಹೇಳಿದರೆ ಅದು ನಿಜವಾಗಿಬಿಡಬೇಕೇ? ಆ ದೊಡ್ಡ ಮನುಷ್ಯರು ಯಾರೆಂಬ ಯೋಚನೆ ಅವರಿಗೆ ಬರಲೇ ಇಲ್ಲ. ದಿಲ್ಲಿಯವರೆಗೆ ಗುರುತಿದ್ದವರು ಚೆಂಬೂರಿನಲ್ಲಿ ಯಾವ ಗಲ್ಲಿಯಲ್ಲಿ ಇರಬಹುದೆಂದು ಮಾತ್ರ ಲೆಕ್ಕ ಹಾಕುತ್ತ, ಕಾಫಿಪುಡಿಯನ್ನು ಹೋಟೆಲಿನ ಮೇಜಿನ ಮೇಲೇ ಬಿಟ್ಟು ಗಾಡಿ ಹತ್ತಿದರು.

ಮನೆಯಲ್ಲಿ ಹೆಂಡತಿ ರಮಾಮಣಿ ಎಲ್ಲವನ್ನೂ ಕೇಳಿ, ಸಾಲದ ಕಾಗದ ಬೀರುವಿನಲ್ಲೇ ಇದೆಯಲ್ಲ, ಓದಿ ನೋಡಬಾರದೇ ಎಂದರು. ಸಹಿ ಹಾಕುವಾಗ ಓದಿರದ ಕಾಗದವನ್ನು ಈಗ ಓದುವುದು ಸತ್ಯಮೂರ್ತಿಯವರಿಗೆ ಡಾಕ್ಟರ ಬಳಿ ಎಕ್ಸ್‌ರೇ ನೋಡಲು ಹೋದಂತಿತ್ತು. ಆದರೂ ಓದಿದರು. ಇಂಗ್ಲಿಷಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರ. ನಾಲ್ಕನೇ ಪುಟದಲ್ಲಿ 'ಕಂಪನಿ ರಿಸರ್ವ್ಸ್ ದಿ ರೈಟ್' ಎಂದಿತ್ತು. ಮತ್ತೊಂದು ಪುಟದಲ್ಲಿ ಮತ್ತೆ ಅದೇ. ಕಂಪನಿಯು ಹಕ್ಕನ್ನು ತನ್ನ ಬಳಿ ಇಟ್ಟುಕೊಂಡಿದೆ ಎಂಬುದಷ್ಟೇ ಅದರ ಅರ್ಥ. ಸತ್ಯಮೂರ್ತಿಯವರ ಕಣ್ಣಿಗೆ ಬಿದ್ದದ್ದು ರಿಸರ್ವ್ ಎಂಬ ಒಂದೇ ಮಾತು.

"ಮುಗೀತು ಕಣೇ," ಎಂದರು. "ಇದರಲ್ಲಿ ರಿಸರ್ವ್ ಬ್ಯಾಂಕಿಗೇ ಹಕ್ಕು ಬರೆದುಕೊಟ್ಟಿದೀನಿ."

"ಓದದೆ ಯಾಕ್ರೀ ಬರೆದುಕೊಟ್ರಿ?"

"ಬಿಲ್ಡರು ಪಕ್ಕದಲ್ಲಿ ನಿಂತು ಪೆನ್ನು ಕೊಟ್ಟ. ಅವನ ಮುಂದೆ ಓದ್ತಾ ಕೂತರೆ ಚೆನ್ನಾಗಿರ್ತಿತ್ತಾ?"

ಅದೇ ವಾರ ಮತ್ತೊಂದು ಸುದ್ದಿ ಬಂತು. ದೇಶದ ಚಿನ್ನವನ್ನು ವಿಮಾನದಲ್ಲಿ ತುಂಬಿ ಹೊರದೇಶದಲ್ಲಿ ಅಡವಿಡುತ್ತಿದ್ದಾರಂತೆ. ಇದರಲ್ಲಿ ಅಂತೆಯೇನೂ ಇರಲಿಲ್ಲ, ಪೇಪರಿನಲ್ಲೇ ಬಂದಿತ್ತು. ಬಿಲ್ಡಿಂಗಿನ ಹೆಂಗಸರು ಟೆರೇಸಿನ ಬಾಗಿಲ ಬಳಿ ಸಭೆ ಸೇರಿದರು. ಸರಕಾರದ ಚಿನ್ನ ಮುಗಿದ ಮೇಲೆ ಯಾರ ಚಿನ್ನಕ್ಕೆ ಕೈ ಹಾಕುತ್ತಾರೆಂದು ಸಾಯಬಣ್ಣನವರ ಹೆಂಡತಿ ಭಾಗವ್ವ ಕೇಳಿದರು. ಬ್ಯಾಂಕಿನ ಲಾಕರಾದರೆ ಬ್ಯಾಂಕಿನವರ ಕೈಯಲ್ಲೇ ಇದ್ದ ಹಾಗೆ. ಮನೆಯ ಬೀರುವಾದರೆ ಮನೆಯ ಜೊತೆಗೇ ಬೀಗ ಬೀಳುತ್ತದೆ. ಮುತ್ತೈದೆಯ ಮೈಮೇಲಿನದನ್ನು ಮಾತ್ರ ಯಾವ ಸರಕಾರವೂ ಬಿಚ್ಚಿಸಲಾರದು. ಮರುದಿನದಿಂದ ನಿರ್ಭಯ ಸೊಸೈಟಿಯ ಹೆಂಗಸರು ಇದ್ದಬದ್ದ ಒಡವೆಯನ್ನೆಲ್ಲ ಹೇರಿಕೊಂಡೇ ಓಡಾಡತೊಡಗಿದರು. ರಮಾಮಣಿಯವರು ಡಾಬು ವಂಕಿಗಳಲ್ಲಿ ಬೆಂಡೆಕಾಯಿ ಆರಿಸಲು ಹೋದರೆ ತರಕಾರಿಯವಳು ಎದ್ದು ನಿಂತು, ಮದುವೆ ಯಾರದು ಎಂದು ಕೇಳಿದಳು. ಅಷ್ಟು ಚಿನ್ನ ಹೊತ್ತ ಹೆಂಗಸರನ್ನು ಚೆಂಬೂರಿನ ರಸ್ತೆಗೆ ಒಂಟಿಯಾಗಿ ಕಳಿಸುವ ಧೈರ್ಯ ಯಾರಿಗಿದೆ? ಗಂಡಂದಿರು ಛತ್ರಿ ಹಿಡಿದು ಹಿಂದಿನಿಂದ ನಡೆದರು. ಎದುರಿಗೆ ಬಂದವರೆಲ್ಲ ಅವರ ಕಣ್ಣಿಗೆ ಕಳ್ಳರು. ಯಾರೂ ಅಡ್ಡಬರದಿದ್ದರೆ, ಸಾಲದ ಕಂಪನಿಯವರು ದೂರದಿಂದ ಗಮನಿಸುತ್ತಿದ್ದಾರೆಂಬ ಸಂಶಯ.

ಹೀಗಿರುವಾಗ ಒಂದು ಬೆಳಿಗ್ಗೆ, ಸಾಯಬಣ್ಣನವರು ಪಿಂಚಣಿಯ ಕೆಲಸಕ್ಕೆ ವಿ.ಟಿ. ಸ್ಟೇಷನ್ನಿನ ಕಡೆ ಹೋಗಿದ್ದಾಗ, ಚರ್ಮದ ಚೀಲ ಹಿಡಿದ ದಪ್ಪ ಮನುಷ್ಯನೊಬ್ಬ ಗೇಟಿನೊಳಗೆ ಬಂದ. ಚೀಲದಿಂದ ಅಳತೆಯ ಟೇಪು ತೆಗೆದು ಹೊರಗೋಡೆಗೆ ಹಿಡಿದ. ಮೇಲಿನಿಂದ ಸತ್ಯಮೂರ್ತಿಯವರು ಯಾರು ಎಂದು ಹಿಂದಿಯಲ್ಲಿ ಕೂಗಿ ಕೇಳಿದರು. ಆಫೀಸಿನಿಂದ ಬಂದಿದ್ದೇನೆ, ಎಲ್ಲ ಮನೆ ನೋಡಬೇಕು ಎಂದು ಆತ ಹಿಂದಿಯಲ್ಲೇ ಉತ್ತರ ಕೊಟ್ಟ.

ಆತನ ಆಫೀಸು ಕುರ್ಲಾದಲ್ಲಿತ್ತು. ಆತ ಮನೆಯ ಸೋರಿಕೆ ನಿಲ್ಲಿಸುವ ವಾಟರ್‌ಪ್ರೂಫಿಂಗ್ ಗುತ್ತಿಗೆದಾರ. ಟೆರೇಸು ಸೋರುತ್ತದೆ, ಮಳೆ ಬಂದಾಗ ಬಂದು ನೋಡಿ ಎಂದು ಬೇಸಿಗೆಯಲ್ಲಿ ಸಾಯಬಣ್ಣನವರೇ ಹೋಗಿ ಹೇಳಿದ್ದರು. ಬಡ್ಡಿಯ ಗದ್ದಲದಲ್ಲಿ ಅದು ಅವರಿಗೇ ಮರೆತುಹೋಗಿತ್ತು. ಉಳಿದವರಿಗೆ ಗೊತ್ತಿರಲೇ ಇಲ್ಲ.

ಸತ್ಯಮೂರ್ತಿಯವರಿಗೆ ಎಲ್ಲ ಅರ್ಥವಾಗಿಹೋಯಿತು. ಕಂಪನಿಯವರು ಬೀಗ ಹಾಕುವ ಮೊದಲು ಮನೆಯ ಬೆಲೆ ಕಟ್ಟಲು ಬಂದಿದ್ದಾರೆ. ಮನೆಯಿಂದ ಮನೆಗೆ ಓಡಿ ಅವರು ಒಂದು ಉಪಾಯ ಹೇಳಿದರು. ಗಟ್ಟಿ ಮನೆಯಾದರೆ ಕಂಪನಿಗೆ ಆಸೆ ಹುಟ್ಟುತ್ತದೆ. ಬೀಳುವ ಮನೆಯನ್ನು ಯಾರು ತೆಗೆದುಕೊಂಡು ಏನು ಮಾಡುತ್ತಾರೆ? ಆತ ಮೇಲೆ ಬರುವುದರೊಳಗೆ ಪ್ರತಿಯೊಬ್ಬರೂ ತಂತಮ್ಮ ಮನೆಯನ್ನು ಕೈಲಾದಷ್ಟು ಕೆಡಿಸಬೇಕು.

ಕಾಂತಪ್ಪನವರು ಗುತ್ತಿಗೆದಾರನನ್ನು ಕೆಳಗೆ ಕೂರಿಸಿ, ಒಂದಾದ ಮೇಲೊಂದು ನೀರುದೋಸೆ ಬಡಿಸಿ ತಡಮಾಡಿದರು. ಮೇಲೆ ಕೆಲಸ ನಡೆಯಿತು. ಭಾಗವ್ವ ಕುಟ್ಟಾಣಿಯಿಂದ ಅಡುಗೆಮನೆಯ ಮೂಲೆ ಕೆಡವಿದರು. ಮೂರನೇ ಮಹಡಿಯವರು ಗೋಡೆಗೆ ಬಕೆಟ್ಟುಗಟ್ಟಲೆ ನೀರು ಎರಚಿದರು. ಸತ್ಯಮೂರ್ತಿಯವರು ಕಾರ್ಖಾನೆಯಿಂದ ತಂದಿಟ್ಟಿದ್ದ ಉಳಿಯಿಂದ ಹೊರಗಿನ ಗೋಡೆಯಲ್ಲಿ ಕಿಟಕಿಯ ಕೆಳಗಿನಿಂದ ನೆಲದವರೆಗೆ ಬಿರುಕು ಕೊರೆದರು. ಕೊರೆಯುವಾಗ ರಮಾಮಣಿ ಕಣ್ಣು ಒರೆಸಿಕೊಂಡರು. ಮಾಟುಂಗದ ಒಂದೇ ಕೋಣೆಯಲ್ಲಿ ಸಂಸಾರ ಮಾಡಿ ಬಂದವರು ಅವರು. ಈ ಗೋಡೆಗೆ ಮೊಳೆ ಹೊಡೆಯಲೂ ಮನಸ್ಸಾಗದೆ ದೇವರ ಪಟಗಳನ್ನು ಇನ್ನೂ ಮೇಜಿನ ಮೇಲೆಯೇ ಒರಗಿಸಿಟ್ಟಿದ್ದರು.

ಗುತ್ತಿಗೆದಾರ ಮೇಲೆ ಬಂದ. ಸೋರುವ ಮನೆಯವರು ಸೋರಿಕೆ ಮುಚ್ಚಿಡುವುದನ್ನೂ, ಖರ್ಚಿಗೆ ಹೆದರಿ ಚೌಕಾಸಿ ಮಾಡುವುದನ್ನೂ ಆತ ಕಂಡಿದ್ದ. ಇಲ್ಲಿ ಮಾತ್ರ ಒಬ್ಬೊಬ್ಬರೂ ಕೈ ಹಿಡಿದೆಳೆದು ಒಳಗೆ ಕರೆದು ಬಿರುಕು ತೋರಿಸುತ್ತಿದ್ದರು. ಇಲ್ಲಿ ನೋಡಿ ಸಾಬ್, ಅಲ್ಲಿ ನೋಡಿ ಸಾಬ್, ರಾತ್ರಿ ಗೋಡೆ ಅಲ್ಲಾಡುತ್ತದೆ ಸಾಬ್. ಸತ್ಯಮೂರ್ತಿಯವರು ತಮ್ಮ ಬಿರುಕಿನೊಳಗೆ ಬೆರಳು ತೂರಿಸಿ ತೋರಿಸಿ, ಇದು ದಿನದಿನಕ್ಕೂ ಬೆಳೆಯುತ್ತಿದೆ ಎಂದರು. ಗುತ್ತಿಗೆದಾರನ ಮುಖ ಬಿಳಿಚಿಕೊಂಡಿತು. ಆತ ಟೆರೇಸಿಗೆ ಹೋಗಲೇ ಇಲ್ಲ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು, ಸದ್ದಾಗದಂತೆ ಮೆಟ್ಟಿಲಿಳಿದು, ಸೀದಾ ಪಾಲಿಕೆಯ ವಾರ್ಡ್ ಆಫೀಸಿಗೆ ಹೋಗಿ, ಈ ಮಳೆಯಲ್ಲಿ ಆ ಬಿಲ್ಡಿಂಗು ಉಳಿಯುವುದಿಲ್ಲವೆಂದು ಬರೆದುಕೊಟ್ಟ. ನಾಳೆ ಬಿದ್ದರೆ, ನೋಡಿ ಬಂದವನೂ ಸುಮ್ಮನಿದ್ದ ಎಂದು ತನ್ನ ತಲೆಗೇ ಬರುವುದು ಬೇಡವೆಂದು.

ಆತ ಓಡಿದ ರೀತಿ ಕಂಡು ಬಿಲ್ಡಿಂಗಿನಲ್ಲಿ ಸಮಾಧಾನವೋ ಸಮಾಧಾನ. ಆ ಸಮಾಧಾನ ವಾರಾಂತ್ಯದವರೆಗೆ ಬಾಳಿತು. ಶನಿವಾರ ಗೇಟಿಗೆ ಒಂದು ನೋಟಿಸು ಅಂಟಿತ್ತು. ಮರಾಠಿಯಲ್ಲಿತ್ತು. ಮೇಲೆ ದಪ್ಪ ಅಕ್ಷರದಲ್ಲಿ 'ಧೋಕಾದಾಯಕ ಇಮಾರತ್'.

ಸಾಯಬಣ್ಣನವರು ಆ ದಪ್ಪ ಅಕ್ಷರವನ್ನಷ್ಟೇ ಓದಿ, ಕರೆಂಟಿನ ಡಬ್ಬಿಯ ಮೇಲೆ ತಲೆಬುರುಡೆ ಬರೆದು ಇದೇ ಧೋಕಾ ಅಂತ ಬರೆದಿರುತ್ತಾರೆ, ಅಪಾಯ ಅಂತ ಅರ್ಥ, ಎಂದರು. ಸತ್ಯಮೂರ್ತಿಯವರು ಅಲ್ಲವೆಂದು ತಲೆಯಾಡಿಸಿದರು. ಡಬ್ಬಿಯ ಮೇಲೆ ಅದರ ಅರ್ಥ ಬೇರೆ, ಕಾನೂನಿನಲ್ಲಿ ಬೇರೆ. ಧೋಕಾ ಎಂದರೆ ಹಿಂದಿಯಲ್ಲಿ ಮೋಸ. ಬಿರುಕು ನಾವೇ ಮಾಡಿದ್ದೆಂದು ಕಂಪನಿಗೆ ತಿಳಿದುಹೋಗಿದೆ, ಮೋಸದ ಕೇಸು ಹಾಕಿದ್ದಾರೆ. ಹೇಳುತ್ತ ಹೇಳುತ್ತ ಅವರ ದನಿ ಕ್ಷೀಣಿಸಿತು. ಸಾಯಬಣ್ಣನವರಿಗೂ ಅಪಾಯಕ್ಕಿಂತ ಮೋಸವೇ ನಿಜವೆನ್ನಿಸಿತು. ಅವರ ಅಡುಗೆಮನೆಯಲ್ಲಿ ಇನ್ನೂ ಸುಣ್ಣದ ಪುಡಿ ಬಿದ್ದಿತ್ತು.

ಸೋಮವಾರ ಮೂವರು ಮುಖಂಡರು ಫೋರ್ಟ್ ಪ್ರದೇಶದಲ್ಲಿದ್ದ ಸಾಲದ ಕಂಪನಿಗೆ ಹೋದರು. ಸತ್ಯಮೂರ್ತಿ ಕಾರ್ಖಾನೆಗೆ ರಜ ಹಾಕಿದ್ದರು. ಸಾಯಬಣ್ಣ ಗಾರ್ಡ್ ಕೆಲಸದ ಹಳೆಯ ಕೋಟು ತೊಟ್ಟಿದ್ದರು. ಕಾಂತಪ್ಪ ಒಂದು ಡಬ್ಬಿ ಮೈಸೂರುಪಾಕು ಹಿಡಿದಿದ್ದರು. ಕನ್ನಡಕ ಹಾಕಿದ ಮರಾಠಿ ಹೆಂಗಸೊಬ್ಬರು ಅಧಿಕಾರಿ. ಅವರು ಕೂರಲು ಹೇಳಿದರೂ ಮೂವರೂ ಕೂರಲಿಲ್ಲ. ಬಡ್ಡಿ ಎರಡು ಪಟ್ಟು ಮಾಡಬೇಡಿ, ಇದ್ದಬದ್ದ ಚಿನ್ನ ಮಾರಿಯಾದರೂ ಕಟ್ಟುತ್ತೇವೆ ಎಂದು ಸತ್ಯಮೂರ್ತಿಯವರು ಕೈಮುಗಿದರು.

ಅಧಿಕಾರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರು ತಾಳ್ಮೆಯಿಂದ ವಿವರಿಸಿದರು. ರೂಪಾಯಿ ಬಿದ್ದದ್ದು ನಿಜ. ರಿಸರ್ವ್ ಬ್ಯಾಂಕು ದರ ಏರಿಸಿದ್ದೂ ನಿಜ. ಬ್ಯಾಂಕುಗಳಿಗೆ ಹಣ ತುಟ್ಟಿಯಾದರೆ ಇವರಿಗೂ ತುಟ್ಟಿ, ಆದ್ದರಿಂದ ಹೊಸದಾಗಿ ಸಾಲ ಕೇಳುವವರಿಗೆ ಬಡ್ಡಿ ಹೆಚ್ಚಾಗಲಿದೆ. ಆದರೆ ನಿರ್ಭಯ ಸೊಸೈಟಿಯವರು ಸಹಿ ಹಾಕಿದ ದಿನ ಇದ್ದ ದರವೇ ಕೊನೆಯ ಕಂತಿನವರೆಗೂ. ಅದನ್ನು ಯಾರೂ ಮುಟ್ಟುವಂತಿಲ್ಲ. ಮನೆ ಅಳೆಯಲು ಅವರು ಯಾರನ್ನೂ ಕಳಿಸಿರಲೂ ಇಲ್ಲ.

ಆಗ ಸಾಯಬಣ್ಣನವರ ಬಾಯಿ ಸ್ವಲ್ಪ ತೆರೆಯಿತು. ಕುರ್ಲಾದ ಗುತ್ತಿಗೆದಾರ, ತಾವು ಹೇಳಿಬಂದದ್ದು, ಎಲ್ಲ ನೆನಪಾಗಿತ್ತು. ಅವರು ಬಾಯಿ ಮುಚ್ಚಿಕೊಂಡರು.

ಸತ್ಯಮೂರ್ತಿಯವರಿಗೆ ಮೈ ಹಗುರವಾಗಿ, ಅಷ್ಟು ದಿನ ಇಲ್ಲದ ಧೈರ್ಯ ಬಂತು. ಬಡ್ಡಿಯೇ ಏರದ ಮೇಲೆ ಈ ಮೋಸದ ಕೇಸು ಯಾಕೆ ಎಂದು ಗೇಟಿನ ನೋಟಿಸಿನ ನಕಲನ್ನು ಮೇಜಿನ ಮೇಲಿಟ್ಟರು. ಇಡದಿದ್ದರೆ ಒಳ್ಳೆಯದಿತ್ತು.

ಅಧಿಕಾರಿ ಓದಿ ಎದ್ದು ನಿಂತರು. "ಇದು ಮೋಸವಲ್ಲ, ಅಪಾಯ. ಬುಧವಾರ ಪಾಲಿಕೆಯ ಎಂಜಿನಿಯರು ಬಂದು ನೋಡುತ್ತಾರೆ ಅಂತ ಬರೆದಿದೆ. ನಿಮ್ಮ ಬಿಲ್ಡಿಂಗ್ ಬೀಳುವ ಸ್ಥಿತಿಯಲ್ಲಿದೆಯಾ?"

ಕಾಂತಪ್ಪನವರು ಮೈಸೂರುಪಾಕಿನ ಡಬ್ಬಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು.

"ಬಡ್ಡಿ ಏರುವುದಿಲ್ಲ," ಎಂದರು ಅಧಿಕಾರಿ. "ಆದರೆ ನಮ್ಮ ಸಾಲಕ್ಕೆ ಆ ಮನೆಯೇ ಆಧಾರ. ಅಪಾಯದ ಕಟ್ಟಡ ಅಂತ ಪಾಲಿಕೆ ತೀರ್ಮಾನ ಮಾಡಿದರೆ ಇಡೀ ಸಾಲವನ್ನು ಒಟ್ಟಿಗೆ ವಾಪಸು ಕೇಳಬೇಕಾಗುತ್ತದೆ. ಆ ಹಕ್ಕು ಕಂಪನಿಗೆ ಇದೆ. ಕಾಗದ ಓದಿಲ್ಲವೇ?"

ಮೈಸೂರುಪಾಕಿನ ಡಬ್ಬಿ ಹಾಗೆಯೇ ಚೆಂಬೂರಿಗೆ ವಾಪಸು ಬಂತು. ಗಾಡಿಯಲ್ಲಿ ಸೀಟು ಸಿಕ್ಕಿದರೂ ಯಾರೂ ಕೂರಲಿಲ್ಲ. ಇದುವರೆಗಿನ ಭಯಕ್ಕೆ ತಲೆಬುಡವಿರಲಿಲ್ಲ. ಈ ಭಯಕ್ಕೆ ದಿನ ಗೊತ್ತಾಗಿತ್ತು.

ಬುಧವಾರ ಬಂದದ್ದು ತೆಳ್ಳಗಿನ, ಮಾತಿಲ್ಲದ ಎಂಜಿನಿಯರು. ಸುತ್ತಿಗೆಯಿಂದ ಕಂಬಕ್ಕೆ ಒಂದು ಪೆಟ್ಟು ಹಾಕುವುದು, ಕಿವಿಗೊಡುವುದು, ಮುಂದಕ್ಕೆ ಹೋಗುವುದು. ಒಂದೊಂದು ಪೆಟ್ಟಿಗೂ ಹಿಂದೆ ನಿಂತವರು ಉಸಿರು ಹಿಡಿಯುತ್ತಿದ್ದರು. ಬಿರುಕುಗಳ ಮೇಲೆಲ್ಲ ಕ್ಯಾಲೆಂಡರು ತೂಗುಹಾಕಿದ್ದರು. ಸಾಯಬಣ್ಣನವರ ಅಡುಗೆಮನೆಯ ಮೂಲೆಯಲ್ಲಿ, ನೆಲದಿಂದ ಗೇಣೆತ್ತರದಲ್ಲಿ ತೂಗುತ್ತಿದ್ದ ಗಣಪತಿಯ ಕ್ಯಾಲೆಂಡರನ್ನು ಎಂಜಿನಿಯರು ಬಹಳ ಹೊತ್ತು ನೋಡಿ, ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

ಸತ್ಯಮೂರ್ತಿಯವರ ಮನೆಯಲ್ಲಿ ಅವರು ಕುಕ್ಕರಗಾಲಲ್ಲಿ ಕೂತು ಬಿರುಕಿನ ಉದ್ದಕ್ಕೂ ಬೆರಳಾಡಿಸಿದರು. ಆಮೇಲೆ ತಲೆಯೆತ್ತಿ, ಈ ಬಿರುಕು ಯಾವಾಗ ಬಂತು ಎಂದು ಹಿಂದಿಯಲ್ಲಿ ಕೇಳಿದರು. ಬಾಗಿಲಲ್ಲಿ ಇಡೀ ಬಿಲ್ಡಿಂಗು ನಿಂತಿತ್ತು. ತಾನೇ ಬಂತು ಎಂದರೆ ಮನೆ ಹೋಗುತ್ತದೆ. ನಿಜ ಹೇಳಿದರೆ ಇದುವರೆಗೆ ಗಳಿಸಿದ ಮರ್ಯಾದೆ ಹೋಗುತ್ತದೆ. ಸತ್ಯಮೂರ್ತಿಯವರು ರಮಾಮಣಿಯವರ ಮುಖ ನೋಡಿದರು. ಮೈತುಂಬ ಒಡವೆ ಹೊತ್ತು, ಕಣ್ಣು ತುಂಬಿಕೊಂಡು, ಅವರು ಗೋಡೆಗೆ ಒರಗಿ ನಿಂತಿದ್ದರು.

"ನಾನೇ ಕೊರೆದೆ ಸಾಬ್," ಎಂದರು ಸತ್ಯಮೂರ್ತಿ.

"ಯಾಕೆ?"

"ರೂಪಾಯಿ ಬಿತ್ತಲ್ಲ ಸಾಬ್. ಅದಕ್ಕೆ."

ಎಂಜಿನಿಯರು ಸುತ್ತಿಗೆಯನ್ನು ಕೆಳಗಿಟ್ಟರು. ಬಾಗಿಲಲ್ಲಿ ಯಾರೋ ಕೆಮ್ಮಿದರು. ನಂತರ ಭಾಗವ್ವ ಮುಂದೆ ಬಂದು, ನಮ್ಮ ಮೂಲಿ ನಾನ ಕೆಡವಿದ್ದು ಎಂದರು. ಮೂರನೇ ಮಹಡಿಯವರು ನೀರಿನ ವಿಷಯ ಹೇಳಿದರು. ಒಬ್ಬರ ಹಿಂದೊಬ್ಬರು, ದೇವಸ್ಥಾನದಲ್ಲಿ ತೀರ್ಥಕ್ಕೆ ನಿಂತ ಹಾಗೆ, ಸಾಲಾಗಿ ಬಂದು ಒಪ್ಪಿಕೊಂಡರು. ಸಾಯಬಣ್ಣನವರು ಕೊನೆಯಲ್ಲಿ ಕುರ್ಲಾದ ಗುತ್ತಿಗೆದಾರನ ವಿಷಯ ಹೇಳಿದಾಗ ಭಾಗವ್ವ ಗಂಡನ ಕಡೆ ತಿರುಗಿದ ರೀತಿ ಕಂಡು ಎಂಜಿನಿಯರೇ ಒಂದು ಹೆಜ್ಜೆ ಹಿಂದೆ ಸರಿದರು.

ಇಷ್ಟು ವರ್ಷದ ಕೆಲಸದಲ್ಲಿ ಬೀಳುವ ಬಿಲ್ಡಿಂಗಿನಿಂದ ಜನರನ್ನು ಎಬ್ಬಿಸಿದ್ದೇನೆ, ಜನರ ಕೈಯಿಂದ ಬಿಲ್ಡಿಂಗನ್ನು ಬಿಡಿಸಬೇಕಾಗಿ ಬಂದದ್ದು ಇದೇ ಮೊದಲು ಎಂದರು ಅವರು. ಕಂಬ, ತೊಲೆ ಎಲ್ಲ ಗಟ್ಟಿಯಾಗಿವೆ, ಗಾರೆ ಮಾತ್ರ ಕಿತ್ತುಬಂದಿದೆ, ಕೂಡಲೇ ರಿಪೇರಿ ಮಾಡಿಸಿ ಎಂದು ಬರೆದು, ನೋಟಿಸು ಕಿತ್ತುಕೊಂಡು ಹೋದರು. ಅವರು ಗೇಟು ದಾಟುವವರೆಗೂ ಯಾರೂ ಅಲುಗಾಡಲಿಲ್ಲ. ಆಮೇಲೆ ಎಲ್ಲರೂ ಮೈಸೂರುಪಾಕು ತಿಂದರು.

ಆದರೆ ಮಳೆಗೆ ಇದೊಂದೂ ಗೊತ್ತಿರಲಿಲ್ಲ. ಅದು ಸತ್ಯಮೂರ್ತಿಯವರು ಕೊರೆದ ದಾರಿ ಹಿಡಿದು ಒಳಗೆ ಬರತೊಡಗಿತು. ದೇವರ ಪಟದ ಮೇಜಿನ ಕೆಳಗೆ ಪಾತ್ರೆಯಿಟ್ಟು ಸಾಕಾಗಿ, ರಮಾಮಣಿ ಯಾರನ್ನಾದರೂ ಕರೆಸಿ ಎಂದರು. ಆ ಮಳೆಯಲ್ಲಿ ಕೆಲಸಕ್ಕೆ ಸಿಕ್ಕಿದವನು ಒಬ್ಬನೇ, ಕುರ್ಲಾದ ಗುತ್ತಿಗೆದಾರ. ಆತ ಮೊದಲು ಕೆಳಗೇ ನಿಂತು, ಬಿಲ್ಡಿಂಗು ನಿಂತಿದೆ ಎಂದು ಖಚಿತಪಡಿಸಿಕೊಂಡು, ನಂತರ ಮೇಲೆ ಬಂದ. ಬಿರುಕು ನೋಡಿ ಒಂದು ಮೊತ್ತ ಹೇಳಿದ. ಸಾಯಬಣ್ಣನವರಿಗೆ ಬೇಸಿಗೆಯಲ್ಲಿ ಇಡೀ ಟೆರೇಸಿಗೆ ಹೇಳಿದ್ದಕ್ಕಿಂತ ಅದು ಹೆಚ್ಚಿತ್ತು.

ಇಷ್ಟು ಯಾಕೆ ಎಂದು ಸತ್ಯಮೂರ್ತಿಯವರು ಕೇಳಿದರು.

"ದಿಲ್ಲಿಯಲ್ಲಿ ರೂಪಾಯಿ ಬಿದ್ದಿದೆ ಸಾಬ್," ಎಂದ ಗುತ್ತಿಗೆದಾರ ಬೇಸರದಿಂದ. "ಸಿಮೆಂಟು ಏರಿದೆ, ಡಾಂಬರು ಏರಿದೆ. ನಿಮ್ಮಂಥವರಿಗೆ ನಾನು ಹೇಳಬೇಕಾ?"

ಸತ್ಯಮೂರ್ತಿಯವರು ದನಿ ತಗ್ಗಿಸಿ, ಇನ್ನೂ ಏರುತ್ತದೆಯೇ ಎಂದು ವಿಚಾರಿಸಿದರು. ಗುತ್ತಿಗೆದಾರ ಕಿಟಕಿಯಾಚೆ ಮಳೆಯನ್ನೊಮ್ಮೆ ನೋಡಿ, ಗಂಭೀರವಾಗಿ ಹೌದೆಂದು ತಲೆಯಾಡಿಸಿದ. ಸತ್ಯಮೂರ್ತಿಯವರು ಒಳಗೆ ಹೋಗಿ ಪೂರ್ತಿ ಹಣವನ್ನು ಮುಂಗಡವಾಗಿಯೇ ತಂದುಕೊಟ್ಟರು.